ಒಂಟಿ ಪಯಣಕ್ಕೊಂದು ಡಬ್ಬ

ಯಶಸ್ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ಯುತ್ತಿದ್ದಾಗ ಲೀಲಾವತಿ ಆಂಟಿ ಬಾಗಿಲು ತಟ್ಟಿದರು. ಬೆನ್ನ ಮೇಲೆ ಹೊರುವ ಚೀಲದಲ್ಲಿ ಒಂದೊಂದು ಗ್ರಾಮೂ ಭಾರವೇ ಎಂದು ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದನ್ನು ಅವನು ವೇದವಾಕ್ಯದಂತೆ ಪಾಲಿಸುತ್ತಿದ್ದ. ಮರುದಿನ ಕೋಸ್ಟರಿಕಾಕ್ಕೆ ವಿಮಾನ. ಅಲ್ಲಿಯ ಮಳೆಕಾಡಿನಲ್ಲಿ ಒಬ್ಬನೇ ನಡೆಯುವುದು, ಯಾರೊಂದಿಗೂ ಮಾತಿಲ್ಲದೆ ತನ್ನನ್ನು ತಾನು ಕಂಡುಕೊಳ್ಳುವುದು ಅವನ ಯೋಜನೆ. ಈ ಏಕಾಂತದ ಸುದ್ದಿಯನ್ನು ಅವನು ಮೂರು ತಿಂಗಳಿಂದ ಡಲ್ಲಾಸ್ ಪಕ್ಕದ ಫ್ರಿಸ್ಕೋದ ತನ್ನ ಆಫೀಸಿನಲ್ಲಿ, ಕನ್ನಡ ಸಂಘದ ಊಟದ ಸಾಲಿನಲ್ಲಿ, ಎರಡು ವಾಟ್ಸ್ಯಾಪ್ ಗುಂಪುಗಳಲ್ಲಿ ಸಾರುತ್ತಲೇ ಇದ್ದ.

ಆಂಟಿ ಪಕ್ಕದೂರು ಕ್ಯಾರಲ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು. ಮಕ್ಕಳ ಡಾಕ್ಟರಾಗಿ ನಿವೃತ್ತರಾದವರು. ಬೇಡ ಎಂದು ಮುಖ ತಿರುಗಿಸುವವರ ಬಾಯಿಗೆ ಔಷಧಿ ಹಾಕಿ ಅಭ್ಯಾಸ. ಬಂದವರೇ ಟೇಬಲ್ಲಿನ ಮೇಲೆ ಒಂದು ಸ್ಟೀಲ್ ಡಬ್ಬ ಇಟ್ಟರು. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ‘ಸೌ. ಲೀಲಾವತಿ’ ಎಂದು ಕೆತ್ತಿತ್ತು. ಡಲ್ಲಾಸಿನ ಕನ್ನಡದವರ ಲಗೇಜು ಬೇರೆಯವರ ಪಾರ್ಸೆಲ್ ಇಲ್ಲದೆ ವಿಮಾನ ಹತ್ತಿದ್ದು ಯಶಸ್ ಕಂಡಿರಲಿಲ್ಲ. ಆದರೂ ಕಾಡಿಗೆ ಹೋಗುವವನನ್ನು ಬಿಟ್ಟಾರು ಎಂದುಕೊಂಡಿದ್ದ.

“ನನ್ನ ತಂಗಿ ಮಗಳು ವಸುಧಾ ಅಲ್ಲೇ, ನಿನ್ನ ವಿಮಾನ ಇಳಿಯೋ ಸ್ಯಾನ್ ಹೋಸೆಯಲ್ಲೇ ಇದಾಳೆ,” ಅಂದರು ಆಂಟಿ. “ಈಗ ಏಳು ತಿಂಗಳು. ಕೋಡುಬಳೆ ತಿನ್ನಬೇಕು ಅಂತ ಬಯಕೆ. ಅಲ್ಲಿ ಅವಳಿಗೆ ಯಾರು ಮಾಡಿಕೊಡ್ತಾರೆ, ಹೇಳು.”

“ಆಂಟಿ, ನಾನು ಸೋಲೋ ಹೋಗ್ತಾ ಇದೀನಿ.”

“ಹೋಗು. ಕೋಡುಬಳೆ ಏನು ನಿನ್ನ ಮಾತಾಡ್ಸಲ್ಲ. ಡಬ್ಬ ಮಾತ್ರ ವಾಪಸ್ ತಾ, ಮದುವೇಲಿ ನಮ್ಮಮ್ಮ ಹೆಸರು ಹಾಕ್ಸಿ ಕೊಟ್ಟಿದ್ದು.”

ಬಸುರಿಯ ಬಯಕೆಗೆ ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಆಂಟಿ ಡಬ್ಬಕ್ಕೆ ಕವರಿನ ಮೇಲೆ ಕವರು ಸುತ್ತಿ, ಅದರ ಮೇಲೆ ಅರ್ಧ ಸುರುಳಿ ಟೇಪು ಖಾಲಿ ಮಾಡಿದರು. ಬ್ರಷ್ಷಿನ ಹಿಡಿ ಕಸದ ಬುಟ್ಟಿಗೆ ಹೋಯಿತು; ಎರಡು ಕಿಲೋ ಡಬ್ಬ ಚೀಲಕ್ಕೆ ಬಂತು.

ಸ್ಯಾನ್ ಹೋಸೆಯಲ್ಲಿ ಇಳಿಯುವಷ್ಟರಲ್ಲಿ ವಸುಧಾಳ ಮೆಸೇಜು ಕಾದಿತ್ತು: ಹುಳಿ ಮಾಡಿದ್ದೇನೆ, ಊಟಕ್ಕೆ ಬನ್ನಿ. ಏಕಾಂತಕ್ಕೆಂದು ಬಂದವನು ಮೊದಲ ದಿನವೇ ಯಾರದೋ ಮನೆಯಲ್ಲಿ ಕೂತು ಹುಳಿಯನ್ನ ಕಲಸುವುದೇ? ಕಾಡಿನ ಬಸ್ಸಿಗೆ ಹೊತ್ತಾಯಿತು, ವಾಪಸ್ ಬರುವಾಗ ಕೊಡುತ್ತೇನೆ ಎಂದು ಬರೆದು ಜಾರಿಕೊಂಡ. ‘ಕಾಯ್ತಿರ್ತೀನಿ’ ಎಂದು ಅವಳ ಉತ್ತರ ಬಂತು.

ಎರಡನೆಯ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಮುಂದಿನ ಹಳ್ಳ ತುಂಬಿತು, ಹಿಂದಿನ ದಾರಿ ಕುಸಿಯಿತು. ನಡುವೆ ತಗಡಿನ ಮಾಡು, ಒಂದು ಬೆಂಚು, ಯಶಸ್. ಹಳ್ಳ ನೋಡಿಬರಲು ಹೋದವನು ತಿರುಗಿ ಬರುವಷ್ಟರಲ್ಲಿ ಮಂಗಗಳು ಚೀಲದ ಜಿಪ್ಪು ತೆರೆದು ಗೋಡಂಬಿ, ಪ್ರೋಟೀನ್ ಬಾರು ಎಲ್ಲವನ್ನೂ ಹೊತ್ತು ಮರ ಹತ್ತಿದ್ದವು. ಆಂಟಿಯ ಟೇಪಿನ ಮೇಲೂ ಹಲ್ಲಿನ ಗುರುತಿತ್ತು, ಆದರೆ ಅದನ್ನು ಬಿಚ್ಚುವುದು ಮಂಗಗಳಿಂದಲೂ ಆಗಿರಲಿಲ್ಲ. ಕತ್ತಲಾಯಿತು. ತನ್ನನ್ನು ತಾನು ಕಂಡುಕೊಳ್ಳಲು ಬಂದವನಿಗೆ ಕಂಡದ್ದು ಹಸಿದು, ಹೆದರಿ, ತೊಯ್ದು ಮುದ್ದೆಯಾದ ಒಬ್ಬ ಆಸಾಮಿ. ಇವನ ಜೊತೆ ಇನ್ನೊಂದು ಗಂಟೆ ಕಳೆಯುವುದೂ ಕಷ್ಟ ಅನಿಸಿತು. ಯಾರಾದರೂ ಇದ್ದೀರಾ ಎಂದು ಕನ್ನಡದಲ್ಲೇ ಕೂಗಿದ. ಆಮೇಲೆ ಚಾಕು ತೆಗೆದು ಟೇಪು ಕೊಯ್ದ. ಒಂದೇ ಒಂದು, ಎಂದು ಹೇಳಿಕೊಂಡ. ಇಂಗಿನ ಘಮ ಮೂಗಿಗೆ ಬಡಿದಾಗ ಅವನಿಗೆ ಅಳು ಬಂತು. ಅಳುತ್ತಲೇ ಎರಡನೆಯದನ್ನೂ ಕಡಿದ. ಹಳ್ಳ ಇಳಿಯಲು ಎರಡು ರಾತ್ರಿ ಹಿಡಿಯಿತು. ಅಷ್ಟರಲ್ಲಿ ಡಬ್ಬದ ತಳವೂ ಕಾಣತೊಡಗಿತ್ತು.

ಬಿಸಿಲು ಬಂದೊಡನೆ ಧೈರ್ಯವೂ ಬಂತು. ಫೋನನ್ನು ಕಂಬಕ್ಕೆ ಒರಗಿಸಿ, ಟೈಮರ್ ಹಾಕಿ, ಗಲ್ಲ ಎತ್ತಿ ದೂರ ನೋಡುತ್ತ ನಿಂತು ಫೋಟೋ ತೆಗೆದುಕೊಂಡ. ಬಸ್ಸು ಊರು ಮುಟ್ಟಿ ಸಿಗ್ನಲ್ ಸಿಕ್ಕಿದ್ದೇ, ‘ನಾನು, ಕಾಡು, ಮೌನ. ಬೇರೇನೂ ಬೇಕಿಲ್ಲ’ ಎಂದು ಬರೆದು ಎಲ್ಲ ಕಡೆ ಹಾಕಿದ. ಡಲ್ಲಾಸಿನಿಂದ ಆಸ್ಟಿನ್‌ವರೆಗೆ ಮೆಚ್ಚುಗೆ ಹರಿದು ಬಂತು. ಆಮೇಲೆ ವಸುಧಾಗೆ ಬರೆದ: ‘ಕ್ಷಮಿಸಿ, ಮಂಗಗಳು ಪಾರ್ಸೆಲ್ ಕಿತ್ತು ಕೋಡುಬಳೆ ಪೂರ್ತಿ ತಿಂದುಬಿಟ್ಟವು. ಡಬ್ಬ ಮಾತ್ರ ಉಳೀತು.’ ಬರೆಯುವಾಗ ನಾಚಿಕೆಯಾಯಿತು. ಆದರೂ ಕಳಿಸಿದ.

ಉತ್ತರವಾಗಿ ಬಂದದ್ದು ಅವನದೇ ಫೋಟೋ, ದೊಡ್ಡದು ಮಾಡಿದ್ದು. ಗಡ್ಡದಲ್ಲಿ ಕೋಡುಬಳೆಯ ಚೂರು. ಹಿಂದಿನ ಬೆಂಚಿನ ಮೇಲೆ ಬಾಯಿ ತೆರೆದ ಡಬ್ಬ. ಅದಕ್ಕೆ ಒರಗಿದ ಮುಚ್ಚಳದಲ್ಲಿ ‘ಸೌ. ಲೀಲಾವತಿ’ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಎರಡು ಕೋಡುಬಳೆ. ಕೆಳಗೆ ವಸುಧಾ ಬರೆದಿದ್ದಳು: ‘ಮಂಗನ ಫೋಟೋ ಚೆನ್ನಾಗಿ ಬಂದಿದೆ. ಪಾಪ, ಎಷ್ಟು ಹಸಿದಿತ್ತೋ. ಊಟಕ್ಕೆ ಬನ್ನಿ. ಉಳಿದಿರೋ ಎರಡು ನನಗೆ ಸಾಕು, ಕಾಯ್ತಿರ್ತೀನಿ.’

ಯಶಸ್ ಡಬ್ಬದ ಮುಚ್ಚಳ ತೆಗೆದು ನೋಡಿದ. ಅವೆರಡನ್ನು ಬಸ್ಸಿನಲ್ಲೇ ತಿಂದಾಗಿತ್ತು.