ಕಡಲಡಿಯ ಕಿರೀಟ

ಗೈಡ್ ಬೇಕೇ ಎಂದು ಕಯಾಕ್ ದೋಣಿ ಬಾಡಿಗೆಗೆ ಕೊಡುವವನು ಕೇಳಿದಾಗ ಗಂಡ ನಕ್ಕುಬಿಟ್ಟಿದ್ದ. "ಕಡಲ ಬದಿಯಲ್ಲೇ ಹುಟ್ಟಿದವನಿಗೆ ಹವಳದ ದಿಬ್ಬ ಎಲ್ಲಿ ಉಂಟಂತ ಇನ್ನೊಬ್ಬ ತೋರಿಸ್ಬೇಕಾ?"

ಹುಟ್ಟು ಹಾಕಿ ಹಾಕಿ ಹೆಂಡತಿಯ ರಟ್ಟೆ ಸೋತಿತ್ತು. ಕಯಾಕ್ ತೇಲಿಹೋಗದಂತೆ ಒಬ್ಬರು ಅದರಲ್ಲಿ ಕೂತಿರಲೇಬೇಕು. ಮಾಸ್ಕ್ ಕಟ್ಟಿ, ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ಅವನೇ ಮೊದಲು ಇಳಿದ. ಅವಳು ಬಿಸಿಲಲ್ಲಿ ಬೇಯುತ್ತಾ ಕೂತಳು.

"ಅಬ್ಬಾ, ಯಕ್ಷಗಾನದ ಕಿರೀಟದ ಹಾಗಿನ ಹವಳ ಮಾರಾಯ್ತಿ!" ಅವನು ತಲೆಯೆತ್ತಿ ಕೂಗಿದ.

"ನನಗೂ ನೋಡ್ಬೇಕು. ಮೇಲೆ ಬನ್ನಿ."

"ಇನ್ನು ಐದು ನಿಮಿಷ."

ಮತ್ತೆ ಮುಳುಗಿ ಎದ್ದವನು, "ನೀಲಿ ಮೀನಿನ ಹಿಂಡು!" ಎಂದ.

"ನಿಮ್ಮ ಐದು ನಿಮಿಷ ಮುಗಿಯೂದು ಯಾವಾಗ? ನಾನೇನು ದೋಣಿ ಕಾಯ್ಲಿಕ್ಕೆ ಬಂದದ್ದಾ?" ಅವಳು ಹುಟ್ಟನ್ನು ನೀರಿಗೆ ಬಡಿದಳು.

ಕೊನೆಗೆ ಅವನು ಮನಸ್ಸಿಲ್ಲದೆ ಮೇಲೆ ಬಂದ. ಅವಳು ಮಾಸ್ಕ್ ಕಿತ್ತುಕೊಂಡು ಇಳಿದಳು. ಕೆಳಗೆ ಬರೀ ಮರಳು, ಒಂದು ಹರಿದ ಚಪ್ಪಲಿ. ಸುತ್ತಲೂ ಈಜಿ ನೋಡಿದಳು. ಅಲ್ಲೂ ಮರಳೇ.

ಅವಳು ತಲೆಯೆತ್ತಿದಾಗ ಅವನು ದಡದ ಕಡೆ ನೋಡುತ್ತಿದ್ದ.

"ಕಂಡಿತಾ?" ಎಂದು ಮೆಲ್ಲಗೆ ಕೇಳಿದ.

"ನೀವು ಹೇಳಿದ್ದಕ್ಕಿಂತ ಚಂದ ಉಂಟು ಮಾರಾಯ್ರೆ! ಕೂತಿರಿ, ಇನ್ನು ಐದು ನಿಮಿಷ."