ಖಾಲಿ ಬೆಂಚುಗಳು

ಬ್ರಿಟಿಷರ ಕಾಲದ ಆ ಪ್ರಾರ್ಥನಾಮಂದಿರವನ್ನು ಕೆಡವಿ ಜಾಗ ಮಾರುತ್ತಾರೆಂಬ ಸುದ್ದಿ ಹಬ್ಬಿತ್ತು. ಹಾಗಾಗಿ ಭಾನುವಾರ ಕ್ಯಾಮೆರಾ ಹಿಡಿದು ಬಂದವನನ್ನು ಕಂಡು, ಗಂಟೆ ಬಾರಿಸುವ ಸಲೋಮಿಗೆ ಹೋದ ಜೀವ ಬಂದಂತಾಯಿತು.

"ಇಂಥ ತೊಲೆ, ಇಂಥ ಕಮಾನು ಈಗ ಎಲ್ಲುಂಟು? ಪಟ ನೋಡಿದ್ರೆ ಕೆಡವ್ಲಿಕ್ಕೆ ಯಾರಿಗೂ ಮನಸ್ಸು ಬರ್ಲಿಕ್ಕಿಲ್ಲ," ಎಂದ ಅವನು. "ಆದ್ರೆ ಜನ ಅಡ್ಡ ಇದ್ರೆ ಕಟ್ಟಡದ ಅಂದ ಕಾಣುದಿಲ್ಲ."

ಆರಾಧನೆ ಇನ್ನೇನು ಶುರುವಾಗುವುದರಲ್ಲಿತ್ತು. ಸಲೋಮಿಯೇ ಬೆಂಚಿನಿಂದ ಬೆಂಚಿಗೆ ಹೋಗಿ, "ಸ್ವಲ್ಪ ಹೊರಗೆ ನಿಲ್ಲಿ ಮಾರಾಯ್ರೆ, ನಮ್ಮ ಮಂದಿರ ಉಳೀಲಿಕ್ಕೇ ಅಲ್ವಾ," ಎಂದು ಎಲ್ಲರನ್ನೂ ಎಬ್ಬಿಸಿದಳು. ಒಳಗೆ ಕಿಕ್ಕಿರಿದಿದ್ದವರೆಲ್ಲ ಗೊಣಗದೆ ಬಿಸಿಲಲ್ಲಿ ನಿಂತು ಕಾದರು.

ಮಾರಾಟ ತೀರ್ಮಾನಿಸುವ ಸಭೆಯಲ್ಲಿ ಅದೇ ಪಟ ಪರದೆಯ ಮೇಲೆ ಬಂತು. ಪಕ್ಕದಲ್ಲಿ ಅವನೇ ನಿಂತಿದ್ದ.

"ಭಾನುವಾರ, ಆರಾಧನೆಯ ಹೊತ್ತಿಗೇ ತೆಗೆದದ್ದು. ನೋಡಿ, ಒಂದು ನರಪಿಳ್ಳೆಯಾದ್ರೂ ಉಂಟಾ?"