ಹರದಾರಿ ಕಲ್ಲಿನಾಚೆ

ಬೆಳಗಿನ ಓಟದ ಹೆಂಗಸರೆಲ್ಲ ಗಾಳಿಗೆ ಉತ್ತರ ಕೊಡುತ್ತಲೇ ಓಡುತ್ತಿದ್ದರು. ಮನೆಯಲ್ಲಿ ಆಡಿದ ಮಾತು ಹರದಾರಿ ದೂರದವರೆಗೂ ಹೊರಗೆ ಹೋದ ಮನೆಯವರ ಕಿವಿಗೆ ಕೇಳುತ್ತಿದ್ದ, ಉತ್ತರವೂ ಹಾಗೆಯೇ ಮನೆ ಮುಟ್ಟುತ್ತಿದ್ದ ಕಾಲ ಅದು. ಗಂಡಸರಿಗೂ ಕೇಳುತ್ತಿತ್ತು, ಅವರನ್ನು ಕರೆಯುವವರು ಕಡಿಮೆ, ಅಷ್ಟೆ.

ಕೂಗಿನ ಎಲ್ಲೆಗೆ ನೆಟ್ಟ ಹರದಾರಿ ಕಲ್ಲು ಕಾಣುವ ಹೊತ್ತಿಗೆ ದ್ರಾಕ್ಷಾಯಣಿ ದಿನವೂ ಏದುಸಿರು ಬಿಡುತ್ತ ನಿಂತುಬಿಡುತ್ತಿದ್ದಳು.

"ಕಾಲು ಗಟ್ಟಿ ಅದಾವ ನಿನ್ನವು," ಎಂದಳು ಪಕ್ಕದಲ್ಲಿ ಓಡುತ್ತಿದ್ದ ಮಾಬೂಬಿ. "ಮಾತಾಡಿ ಮಾತಾಡಿ ಉಸಿರು ಕಳಕೊಂತಿ. ಇವತ್ತು ಬಾಯಿ ಮುಚ್ಚಿ ಓಡು."

ಅಷ್ಟರಲ್ಲಿ ಕಿವಿಯೊಳಗೆ ಅತ್ತೆಯ ದನಿ ಕೇಳಿಸಿತು. "ಜೀರಗಿ ಡಬ್ಬಿ ಎಲ್ಲಿಟ್ಟೀ?"

ನಾಲಿಗೆಯ ತುದಿಗೆ ಬಂದ ಉತ್ತರವನ್ನು ದ್ರಾಕ್ಷಾಯಣಿ ನುಂಗಿಕೊಂಡಳು. ಗಂಡನ ದನಿಯೂ ಸೇರಿತು. "ನನ್ನ ಕಾಲುಚೀಲ ಎಲ್ಲ್ಯದಾವು?" ಅವಳು ತುಟಿ ಕಚ್ಚಿ ಓಡಿದಳು.

"ಕೇಳಸವಲ್ದೇನ ನಿನಗ? ಏನರ ಆತೋ ಏನೋ..." ಅತ್ತೆಗೆ ನಿಜವಾಗಿಯೂ ಗಾಬರಿಯಾಗಿತ್ತು. ತಿರುಗಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಕಾಲು ಕಲ್ಲನ್ನು ದಾಟಿಬಿಟ್ಟಿತು.

ದನಿ ಕತ್ತರಿಸಿದಂತೆ ನಿಂತಿತು. ಆ ಮೌನವನ್ನು ತಡೆಯಲಾರದೆ ದ್ರಾಕ್ಷಾಯಣಿ "ಬಂದೆ" ಎಂದುಬಿಟ್ಟಳು.

"ಇಲ್ಲಿ ಯಾರು ಕರದಾರಂತ ಬಂದೆ ಅಂತಿ?" ಮಾಬೂಬಿ ಕೇಳಿದಳು.

ದ್ರಾಕ್ಷಾಯಣಿ ಕಿವಿಗೊಟ್ಟಳು. ಯಾರೂ ಕರೆದಿರಲಿಲ್ಲ. ಮುಂದೆ ದಾರಿ ಏರುತ್ತ ಏರುತ್ತ ಗಾಳಿಯಂತ್ರಗಳ ನಡುವೆ ಗುಡ್ಡದ ನೆತ್ತಿಗೆ ಹೋಗಿತ್ತು.

"ಆ ಗುಡ್ಡದ ತನಕ," ಎಂದಳು, ಓಟ ನಿಧಾನಿಸದೆ.